ಬಾಲೂ ದರೋಜಿಯಲ್ಲೇ ಇದ್ದಾನಲ್ಲ!

ಮೊದಲೇ ಹೇಳಿಬಿಡ್ತೀನಿ, ಸ್ಕೌಟ್ಸ್ ಬಗ್ಗೆ ನನಗೆ ಸಿಟ್ಟಿಲ್ಲ, ಪ್ರೀತಿ ಇದೆ. ಪ್ರೀತಿ ಇರೋದ್ರಿಂದಲೇ ಈ ಗೊಣಗಾಟ.

ನಮ್ಮ ಹೊಸಪೇಟೆ ಕಡೆ ಸ್ಕೌಟ್ ಮಕ್ಕಳು ಜನರ ಕಣ್ಣಿಗೆ ಬೀಳೋದು ಯಾವಾಗ ಹೇಳಿ? ಆಗಸ್ಟ್ 15, ಜನವರಿ 26, ಆಮೇಲೆ ಯಾರಾದ್ರೂ ದೊಡ್ಡವರು ಶಾಲೆಗೆ ಬಂದಾಗ. ಸ್ಕಾರ್ಫ್ ಕಟ್ಟು, ಸಾಲಾಗಿ ನಿಲ್ಲು, ಸೆಲ್ಯೂಟ್ ಹೊಡಿ, ವಿಶಿಷ್ಟ ಶೈಲಿಯ ಚಪ್ಪಾಳೆ ತಟ್ಟು. ಅತಿಥಿಗಳು ಖುಷಿ, ಹೆಡ್ಮಾಸ್ಟರ್ ಖುಷಿ. ಮಕ್ಕಳು? ಬಿಸಿಲಲ್ಲಿ ಎರಡು ತಾಸು ನಿಂತು ತಲೆ ತಿರುಗಿ ಕೂತಿರ್ತವೆ. ಇದೇನಾ ಸ್ಕೌಟಿಂಗ್?

ಅಸಲಿಗೆ ಇದು ಶುರುವಾಗಿದ್ದು ಹೀಗಲ್ಲ. 1907ರ ಆಗಸ್ಟ್‌ನಲ್ಲಿ ಇಂಗ್ಲೆಂಡಿನ ಬ್ರೌನ್‌ಸೀ ಅನ್ನೋ ದ್ವೀಪಕ್ಕೆ ಬೇಡನ್ ಪೊವೆಲ್ ಇಪ್ಪತ್ತು ಹುಡುಗರನ್ನ ಕರ್ಕೊಂಡು ಹೋದ. ಶ್ರೀಮಂತರ ಮಕ್ಕಳೂ ಇದ್ರು, ಕೂಲಿಕಾರರ ಮಕ್ಕಳೂ ಇದ್ರು. ಸಣ್ಣ ಸಣ್ಣ ತಂಡ ಮಾಡಿ, ಪ್ರತಿ ತಂಡಕ್ಕೂ ಒಬ್ಬ ಹುಡುಗನನ್ನೇ ನಾಯಕ ಮಾಡಿ, ಜವಾಬ್ದಾರಿ ಅವರ ಕೈಗೇ ಕೊಟ್ಟ. ಮುಂದಿನ ವರ್ಷ ಪುಸ್ತಕ ಬಂತು. ಅದನ್ನ ಓದಿದ ಹುಡುಗರು ಯಾರನ್ನೂ ಕೇಳದೆ ತಾವೇ ತಂಡ ಕಟ್ಟಿಕೊಂಡ್ರು. ಅಂದ್ರೆ ಮೊದಲು ಮಕ್ಕಳು ಬಂದ್ರು, ಆಮೇಲೆ ಸಂಸ್ಥೆ ಬಂತು. ನಮ್ಮಲ್ಲಿ ಮೊದಲು ಸುತ್ತೋಲೆ ಬರುತ್ತೆ, ಆಮೇಲೆ ಮಕ್ಕಳನ್ನ ಹುಡುಕ್ತೀವಿ.

ಭಾರತದಲ್ಲಿ ಸ್ಕೌಟಿಂಗ್ ಮೊದಲು ಕಾಲಿಟ್ಟಿದ್ದು ನಮ್ಮ ಬೆಂಗಳೂರಿಗೇ, 1909ರಲ್ಲಿ. ಆದರೆ ಆಗ ಅದು ಬಿಳಿಯರ, ಆಂಗ್ಲೋ ಇಂಡಿಯನ್ನರ ಮಕ್ಕಳಿಗೆ ಮಾತ್ರ. ನಮ್ಮ ಮಕ್ಕಳಿಗೆ ಯಾಕಿಲ್ಲ ಅಂತ ಅನಿ ಬೆಸೆಂಟ್ 1917ರಲ್ಲಿ ಮದ್ರಾಸಿನಲ್ಲಿ ಭಾರತೀಯ ಸ್ಕೌಟ್ ಸಂಘ ಕಟ್ಟಿದ್ರು. ಟೋಪಿ ಜಾಗಕ್ಕೆ ಪೇಟ ಬಂತು, ಹಾಡೂ ನಮ್ಮವೇ ಆದವು. ಉತ್ತರದಲ್ಲಿ ಮದನ ಮೋಹನ ಮಾಳವೀಯರ ಸೇವಾ ಸಮಿತಿ ತನ್ನದೇ ಸ್ಕೌಟ್ ದಳ ಕಟ್ಟಿತು. ಇವೆಲ್ಲ ಒಂದಾಗಿ ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್ ಆಗಿದ್ದು 1950ರ ನವೆಂಬರ್ 7ಕ್ಕೆ. ಹೊರಗಿನಿಂದ ಬಂದದ್ದನ್ನ ಇದ್ದ ಹಾಗೇ ನುಂಗದೆ ನಮ್ಮ ನೆಲಕ್ಕೆ ಒಗ್ಗಿಸೋದು ಈ ಚಳವಳಿಯ ಹುಟ್ಟುಗುಣ. ಅದನ್ನ ನಾವು ಮಧ್ಯದಲ್ಲೆಲ್ಲೋ ನಿಲ್ಲಿಸಿಬಿಟ್ವಿ.

ಒಂದು ತಮಾಷೆ ನೋಡಿ. ಸಣ್ಣ ಮಕ್ಕಳ ಕಬ್ ವಿಭಾಗ ಇವತ್ತಿಗೂ ನಡೆಯೋದು ಕಿಪ್ಲಿಂಗನ ಜಂಗಲ್ ಬುಕ್ ಕಥೆ ಮೇಲೆ. ಅಕೇಲಾ, ಬಘೀರಾ, ಬಾಲೂ ಎಲ್ಲರೂ ಬರ್ತಾರೆ. ಬಾಲೂ ಅಂದ್ರೆ ಭಾಲೂ, ಕರಡಿ. ಹೊಸಪೇಟೆಯ ಕಬ್ ಹುಡುಗ ಈ ಬಾಲೂನ ಪುಸ್ತಕದ ಚಿತ್ರದಲ್ಲಿ ನೋಡ್ತಾನೆ. ನಿಜವಾದ ಬಾಲೂ ಇಲ್ಲೇ ದರೋಜಿಯ ಕರಡಿಧಾಮದಲ್ಲಿ ಸಂಜೆ ಬಂಡೆ ಇಳಿದು ಬರ್ತಾನೆ! 1994ರಿಂದ ಆ ಧಾಮ ಇದೆ. ಕಥೆ ಇಲ್ಲೇ ಇದೆ, ಕರಡಿಯೂ ಇಲ್ಲೇ ಇದೆ, ಎರಡನ್ನೂ ಜೋಡಿಸೋ ಒಂದು ಸಾಲು ಮಾತ್ರ ನಮ್ಮ ಕಾರ್ಯಕ್ರಮದಲ್ಲಿ ಇಲ್ಲ.

ಕಾರ್ಯಕ್ರಮ ಅಂದೆನಲ್ಲ, ಅದರ ಅರ್ಥಾನೇ ನಾವು ಸಣ್ಣದು ಮಾಡ್ಕೊಂಡಿದೀವಿ. ಪ್ರವೇಶ, ಪ್ರಥಮ ಸೋಪಾನ, ದ್ವಿತೀಯ, ತೃತೀಯ, ರಾಜ್ಯ ಪುರಸ್ಕಾರ, ರಾಷ್ಟ್ರಪತಿ ಪುರಸ್ಕಾರ. ಏಣಿ ಚೆನ್ನಾಗಿದೆ, ನಾನು ಬೇಡ ಅನ್ನಲ್ಲ. ಆದರೆ ಏಣಿ ಹತ್ತಿ ಎಲ್ಲಿಗೆ ಹೋಗ್ತೀವಿ ಅಂತ ಕೇಳೋರು ಯಾರು? ವಿಶ್ವ ಸ್ಕೌಟ್ ಸಂಘಟನೆ 2014ರಲ್ಲಿ ಸ್ಲೊವೇನಿಯಾದ ಸಮ್ಮೇಳನದಲ್ಲಿ ಹೊಸ ಕಾರ್ಯಕ್ರಮ ನೀತಿ ಒಪ್ಪಿಕೊಂಡಿತು. ಅದರ ತಿರುಳು ಮೂರು ಪ್ರಶ್ನೆ: ಮಕ್ಕಳಿಗೆ ಏನು ಸಿಗಬೇಕು, ಯಾಕೆ ಸಿಗಬೇಕು, ಹೇಗೆ ಸಿಗಬೇಕು. ಮೊದಲು ಗುರಿ, ಆಮೇಲೆ ಆಯಾ ವಯಸ್ಸಿಗೆ ತಕ್ಕ ಮೆಟ್ಟಿಲು, ಕೊನೆಗೆ ಚಟುವಟಿಕೆ, ಬ್ಯಾಡ್ಜು. 2017ರಲ್ಲಿ ಸ್ಕೌಟ್ ವಿಧಾನದೊಳಕ್ಕೆ ಸಮುದಾಯದ ಜೊತೆ ಬೆರೆಯೋದನ್ನೂ ಸೇರಿಸಿದ್ರು. ನಾವು ಮಾಡ್ತಿರೋದು ಉಲ್ಟಾ. ಮೊದಲು ಬ್ಯಾಡ್ಜು, ಆಮೇಲೆ ಅದಕ್ಕೆ ಬೇಕಾದ ಲಾಗ್ ಬುಕ್ಕು, ಗುರಿ ಸಿಕ್ಕರೆ ಸಿಕ್ಕಿತು.

ಹಾಗಾದ್ರೆ ನಮ್ಮೂರಿಗೆ ತಕ್ಕ ಗುರಿ ಯಾವುದು? ಹದಿನಾರು ವರ್ಷದ ಒಬ್ಬ ಹುಡುಗ, ಒಬ್ಬ ಹುಡುಗಿ ಇಲ್ಲಿ ಬದುಕೋಕೆ ಏನೇನು ತಿಳಿದಿರಬೇಕು ಅಂತ ಕೇಳ್ಕೊಳ್ಳಿ.

ಮೊದಲನೇದು ನೀರು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 33 ಗೇಟುಗಳಲ್ಲಿ 19ನೇದು ಕೊಚ್ಚಿಕೊಂಡು ಹೋಯ್ತು. ಹರಿಯೋ ನೀರಿನಲ್ಲೇ ಸ್ಟಾಪ್ ಲಾಗ್ ಇಳಿಸಿ ನಿಲ್ಲಿಸೋಕೆ ಒಂದು ವಾರ ಹಿಡೀತು. ಆ ವಾರ ಕಂಪ್ಲಿ ತನಕ ನದಿದಂಡೆಯ ಊರುಗಳಲ್ಲಿ ಯಾರಿಗೂ ಸರಿಯಾಗಿ ನಿದ್ದೆ ಇರಲಿಲ್ಲ. ಹೊಳೆಗೆ ಹೆಚ್ಚು ನೀರು ಬಿಟ್ಟಾಗ ಕಂಪ್ಲಿ ಸೇತುವೆ ಮುಳುಗೋದು ನಮಗೆ ಗೊತ್ತಿರೋದೇ. ಒಂದು ಲಕ್ಷ ಕ್ಯೂಸೆಕ್ ಅಂದ್ರೆ ಎಷ್ಟು ನೀರು, ಯಾವ ಓಣಿ ಮೊದಲು ಖಾಲಿ ಮಾಡಬೇಕು, ಮನೇಲಿರೋ ಅಜ್ಜಿಯನ್ನ ಯಾವ ದಾರಿಯಲ್ಲಿ ಕರ್ಕೊಂಡು ಹೋಗಬೇಕು, ಇದು ನಮ್ಮ ಸ್ಕೌಟಿಗೆ ಗೊತ್ತಿರಬೇಡವೇ? ಧ್ಯೇಯವಾಕ್ಯವೇ 'ಸಿದ್ಧನಾಗಿರು'!

ಪ್ರತಿ ಬೇಸಿಗೆಯಲ್ಲೂ ಕಾಲುವೆಗೆ ಈಜೋಕೆ ಹೋದ ಮಕ್ಕಳ ಸುದ್ದಿ ಪೇಪರಿನಲ್ಲಿ ಓದ್ತೀವಿ. ಒಬ್ಬನನ್ನ ಉಳಿಸೋಕೆ ಇನ್ನೊಬ್ಬ ಹಾರಿ ಇಬ್ಬರೂ ಹೋಗಿರ್ತಾರೆ. ಹಾರಬೇಡ, ಕೋಲು ಚಾಚು, ಹಗ್ಗ ಎಸಿ, ಮುಚ್ಚಳ ಬಿಗಿದ ಖಾಲಿ ಕ್ಯಾನಿಗೆ ಹಗ್ಗ ಕಟ್ಟಿ ಎಸಿ. ಇಷ್ಟೇ ಪಾಠ. ಬೋಲೈನ್ ಗಂಟಿನ ಕುಣಿಕೆ ಎಳೆದಷ್ಟೂ ಬಿಗಿಯಾಗಲ್ಲ, ಅದಕ್ಕೇ ಮನುಷ್ಯನ ಸೊಂಟಕ್ಕೆ ಹಾಕಬಹುದು. ನಮ್ಮ ಮಕ್ಕಳು ಆ ಗಂಟನ್ನ ಬೆಂಚಿನ ಕಾಲಿಗೆ ಕಟ್ಟಿ ಮಾರ್ಕ್ಸ್ ತಗೊಳ್ತಾರೆ. ಯಾಕೆ ಕಟ್ಟೋದು ಅಂತ ಹೇಳಿದವರಿಲ್ಲ.

ಎರಡನೇದು ಹಂಪಿ. 2019ರಲ್ಲಿ ಕೆಲವು ಯುವಕರು ಅಲ್ಲಿನ ಕಂಬ ಉರುಳಿಸಿ ವಿಡಿಯೋ ಮಾಡಿದ್ದು ನೆನಪಿದೆಯಾ? ಕೋರ್ಟು ತಲಾ 70 ಸಾವಿರ ದಂಡ ಹಾಕಿ ಅವರ ಕೈಯಲ್ಲೇ ಕಂಬ ನಿಲ್ಲಿಸಿತು. ಕಂಬ ನಿಲ್ಲಿಸೋದು ಎಷ್ಟು ಕಷ್ಟ ಅಂತ ಅವತ್ತು ತಿಳಿದಿರಬೇಕು. ಆ ಪಾಠ ಹನ್ನೆರಡನೇ ವಯಸ್ಸಿಗೇ ಸಿಗಲಿ. ರಾಯ ಕಾಲುವೆ, ಬಸವಣ್ಣ ಕಾಲುವೆ ವಿಜಯನಗರದ ಕಾಲದವು, ಇವತ್ತಿಗೂ ನೀರು ಹರೀತಿದೆ. ಒಂದು ತಂಡ ಅದರ ದಂಡೆ ಹಿಡಿದು ನಡೆದು ತಾವೇ ನಕ್ಷೆ ಬರೆದ್ರೆ ಅದಕ್ಕಿಂತ ಒಳ್ಳೆ ಇತಿಹಾಸ ಪಾಠ ಯಾವುದಿದೆ?

ಮೂರನೇದು ಸಂಡೂರು. 2011ರ ಲೋಕಾಯುಕ್ತ ವರದಿ, ಆಮೇಲೆ ಸುಪ್ರೀಂ ಕೋರ್ಟ್ ಗಣಿಗಾರಿಕೆ ನಿಲ್ಲಿಸಿದ್ದು, ಎಲ್ಲಾ ದೇಶಕ್ಕೇ ಗೊತ್ತು. ಸಂಡೂರಿನ ಮಗುವಿಗೆ ತನ್ನ ಗುಡ್ಡದ ಕಥೆ ಗೊತ್ತಾ? ಎಲೆ ಮೇಲೆ ಕೂತ ಕೆಂಪು ಧೂಳನ್ನ ತಿಂಗಳಿಗೊಮ್ಮೆ ನೋಡಿ ಬರೆದಿಡೋದೂ ಸ್ಕೌಟ್ ಕೆಲಸವೇ. 2021ರಲ್ಲಿ ವಿಜಯನಗರ ಜಿಲ್ಲೆ ಆದಾಗ ಸಂಡೂರು, ಕಂಪ್ಲಿ ಬಳ್ಳಾರಿಯಲ್ಲೇ ಉಳಿದವು. ಆದರೆ ಹೊಳೆಗೂ ಧೂಳಿಗೂ ಜಿಲ್ಲೆ ಗಡಿ ಇಲ್ಲ. ಮೂರೂ ಊರಿನ ಮಕ್ಕಳು ಒಂದೇ ಕ್ಯಾಂಪಿನಲ್ಲಿ ಕೂತು ಮಾತಾಡಲಿ.

ಇದಕ್ಕೆ ಬರೋ ತಕರಾರು ನನಗೆ ಗೊತ್ತು. ಮೇಷ್ಟ್ರಿಗೆ ಸೆನ್ಸಸ್ಸು, ಎಲೆಕ್ಷನ್ನು, ಬಿಸಿಯೂಟದ ಲೆಕ್ಕ ಎಲ್ಲಾ ಇರುತ್ತೆ, ಇದನ್ನೂ ಎಲ್ಲಿ ಮಾಡ್ತಾರೆ ಅಂತ. ನಿಜ. ಅದಕ್ಕೇ ನಾನು ಹೊಸ ಸಿಲಬಸ್ ಕೇಳ್ತಿಲ್ಲ. ಇರೋ ಪರೀಕ್ಷೆಗಳನ್ನೇ ಹೊಳೆದಂಡೆಗೆ, ಕಾಲುವೆಗೆ, ಗುಡ್ಡಕ್ಕೆ ತಗೊಂಡು ಹೋಗಿ. ವರ್ಷಕ್ಕೆ ಮೂರು ಕೆಲಸ ಸಾಕು. ಅವನ್ನ ಆರಿಸೋದು ಮಕ್ಕಳ ತಂಡದ ನಾಯಕರ ಸಭೆ ಮಾಡಲಿ. ಈಜು ಗೊತ್ತಿರೋರು, ಹರಿಗೋಲು ಹಾಕೋರು, ಅರಣ್ಯ ಇಲಾಖೆಯ ವಾಚರ್‌ಗಳು ನಮ್ಮಲ್ಲೇ ಇದ್ದಾರೆ, ಅವರು ಬಂದು ಕಲಿಸಲಿ. ಮೇಷ್ಟ್ರು ಜೊತೆಗಿದ್ರೆ ಸಾಕು.

ಇನ್ನೊಂದು ತಕರಾರು ಅಪ್ಪ ಅಮ್ಮಂದಿರದು. ನೀರಿನ ಹತ್ರ ಹೋದ್ರೆ ಅಪಾಯ ಅಂತ. ಈ ಭಯ ಸುಳ್ಳಲ್ಲ. ಪರಿಣತರಿಲ್ಲದೆ, ಹಗ್ಗ ಜಾಕೆಟ್ ಇಲ್ಲದೆ ಯಾರೂ ನೀರಿಗಿಳಿಯಬಾರದು. ಆದರೆ ನಾವು ಕಲಿಸದಿದ್ರೆ ಮಕ್ಕಳು ಕಾಲುವೆಗೆ ಹೋಗೋದು ನಿಲ್ಲುತ್ತಾ? ಹೋಗ್ತಾರೆ, ನಮಗೆ ಹೇಳದೆ ಹೋಗ್ತಾರೆ.

ರಾಷ್ಟ್ರಪತಿ ಪುರಸ್ಕಾರಕ್ಕೆ ರೈಲ್ವೆಯ ಸ್ಕೌಟ್ ಕೋಟಾದಲ್ಲಿ ಬೆಲೆ ಇದೆ, ಸಿಗಲಿ, ಬಡವರ ಮಕ್ಕಳಿಗೆ ಕೆಲಸ ಸಿಕ್ಕರೆ ನನಗೂ ಸಂತೋಷ. ಆದರೆ ಆ ಸರ್ಟಿಫಿಕೇಟು ಸಿಗದ ನೂರಾರು ಮಕ್ಕಳೂ ಸ್ಕಾರ್ಫ್ ಬಿಚ್ಚಿಟ್ಟ ಮೇಲೆ ಕೈಯಲ್ಲಿ ಏನಾದ್ರೂ ಇಟ್ಕೊಂಡು ಹೋಗಬೇಕು. ಒಂದು ಗಂಟು, ಒಂದು ನಕ್ಷೆ, ಹೆದರದೆ ಹಗ್ಗ ಎಸೆಯೋ ಒಂದು ಕೈ. ಅಷ್ಟಾದ್ರೆ ಸೆಲ್ಯೂಟ್ ನಾವೇ ಅವರಿಗೆ ಹೊಡೆಯೋಣ. ಏನಂತೀರಿ?