ರಸ್ತೆಯ ಲೆಕ್ಕ ಬರೆಯುವ ಬಸ್ಸು

ಮಕ್ಕಳೇ, ಚಾಮರಾಜನಗರದಿಂದ ತೆರಕಣಾಂಬಿ ಮೇಲೆ ಗುಂಡ್ಲುಪೇಟೆಗೆ ಹೋಗುವ ಬಸ್ಸಿನ ಹಿಂದಿನ ಸೀಟಿನಲ್ಲಿ ಎಂದಾದರೂ ಕೂತಿದ್ದೀರಾ? ರಸ್ತೆ ಎಲ್ಲಿ ಕೆಟ್ಟಿದೆಯೆಂದು ಕಣ್ಣು ಮುಚ್ಚಿಕೊಂಡೇ ಹೇಳಬಹುದು. ನಿಮ್ಮಜ್ಜಿಯ ಸೊಂಟವಂತೂ ಇನ್ನೂ ಸರಿಯಾಗಿ ಹೇಳುತ್ತದೆ!

ಈ ವಿದ್ಯೆಯನ್ನು ಯಂತ್ರಕ್ಕೂ ಕಲಿಸಿದ್ದಾರೆ. ಫೋನನ್ನು ಅಡ್ಡ ಹಿಡಿದರೆ ಚಿತ್ರವೂ ಅಡ್ಡ ತಿರುಗುತ್ತದಲ್ಲ, ಅದಕ್ಕೆ ಕಾರಣ ಒಳಗಿರುವ, ಅಲುಗಾಟ ಅಳೆಯುವ ಪುಟ್ಟ ಸೆನ್ಸರ್. 2008ರಲ್ಲಿ ಬೆಂಗಳೂರಿನ ಮೈಕ್ರೋಸಾಫ್ಟ್ ಸಂಶೋಧನಾಲಯದವರು 'ನೆರಿಸೆಲ್' ಎಂಬ ಪ್ರಯೋಗದಲ್ಲಿ ಇದನ್ನೇ ಬಳಸಿದರು. ವಾಹನದಲ್ಲಿಟ್ಟ ಫೋನು ಗುಂಡಿಯ ಕುಲುಕಾಟವನ್ನೂ ಬ್ರೇಕ್ ಹಾಕಿದ್ದನ್ನೂ ಗುರುತಿಸಿತು. ಮೈಕಿನಿಂದ ಹಾರನ್ ಸದ್ದನ್ನೂ ಕೇಳಿಸಿಕೊಂಡಿತು. ಅದೇ ವರ್ಷ ಅಮೆರಿಕದ ಬಾಸ್ಟನ್ನಿನಲ್ಲಿ ಏಳು ಟ್ಯಾಕ್ಸಿಗಳಿಗೆ ಇಂಥ ಸೆನ್ಸರ್ ಕಟ್ಟಿ ಗುಂಡಿ ಹುಡುಕಿದರು. ಗುಂಡಿಗೂ ಹಂಪಿಗೂ ವ್ಯತ್ಯಾಸ ಹೇಗೆ ಗೊತ್ತು? ಹಂಪು ಎರಡೂ ಬದಿಯ ಚಕ್ರಗಳನ್ನು ಒಟ್ಟಿಗೆ ಎತ್ತುತ್ತದೆ. ಗುಂಡಿಗೆ ಸಾಮಾನ್ಯವಾಗಿ ಒಂದು ಬದಿಯ ಚಕ್ರ ಮಾತ್ರ ಬೀಳುತ್ತದೆ, ಬಸ್ಸು ವಾಲುತ್ತದೆ.

ಜಾಗ ಹೇಳುವುದು ಜಿಪಿಎಸ್ ಕೆಲಸ. ನಮ್ಮ ಪಕ್ಕದ ಮೈಸೂರಿನಲ್ಲಿ 2012ರಲ್ಲೇ ಕೆಎಸ್‌ಆರ್‌ಟಿಸಿಯವರು ಸುಮಾರು 500 ನಗರ ಬಸ್ಸುಗಳಿಗೆ ಅದನ್ನು ಅಳವಡಿಸಿ, ಯಾವ ಬಸ್ಸು ಯಾವಾಗ ಬರುತ್ತದೆಂದು ನಿಲ್ದಾಣದ ಫಲಕದಲ್ಲಿ ತೋರಿಸಿದರು. 2019ರಿಂದೀಚೆಗೆ ದೇಶದಲ್ಲಿ ನೋಂದಣಿಯಾಗುವ ಹೊಸ ಬಸ್ಸುಗಳಿಗೆ ಇಂಥ ಸಾಧನವೂ ಅಪಾಯದಲ್ಲಿ ಒತ್ತುವ ಗುಂಡಿಯೂ ಇರಬೇಕೆಂಬ ನಿಯಮವಿದೆ.

2015ರಲ್ಲಿ ಶುರುವಾದ ಕೇಂದ್ರದ ಸ್ಮಾರ್ಟ್ ಸಿಟಿ ಯೋಜನೆಗೆ ಕರ್ನಾಟಕದಿಂದ ಏಳು ನಗರಗಳು ಆಯ್ಕೆಯಾದವು. ಮೈಸೂರೂ ಇಲ್ಲ, ನಮ್ಮೂರೂ ಇಲ್ಲ. ಆದರೆ ಕಂಬಕಂಬಕ್ಕೂ ಯಂತ್ರ ಕಟ್ಟಲು ದುಡ್ಡಿಲ್ಲದ ಊರಿಗೇ ಈ ಉಪಾಯ ಹೆಚ್ಚು ಒಪ್ಪುತ್ತದೆ. ದಿನವೂ ಅದೇ ದಾರಿಯಲ್ಲಿ ಓಡಾಡುವ ನಾಲ್ಕು ಬಸ್ಸುಗಳಿದ್ದರೆ ಇಡೀ ರಸ್ತೆಯ ಲೆಕ್ಕ ಸಿಗುತ್ತದೆ. ಒಂದು ಬಸ್ಸು ಕುಲುಕಿದರೆ ಡ್ರೈವರಣ್ಣ ತಟ್ಟನೆ ಬ್ರೇಕ್ ಹಾಕಿರಬಹುದು. ನಾಲ್ಕೂ ಒಂದೇ ಕಡೆ ಕುಲುಕಿದರೆ ಅಲ್ಲಿ ಗುಂಡಿ ಇದ್ದೇ ಇರುತ್ತದೆ.

ಇಲ್ಲೊಂದು ತಮಾಷೆ. ದಾರಿ ಬಲ್ಲ ಡ್ರೈವರ್ ಗುಂಡಿ ತಪ್ಪಿಸಿ ಓಡಿಸುತ್ತಾರೆ. ಆಗ ಯಂತ್ರದ ಪ್ರಕಾರ ರಸ್ತೆ ಚೆನ್ನಾಗಿದೆ! ಆದ್ದರಿಂದ ಡ್ರೈವರನ್ನೂ ಕಂಡಕ್ಟರನ್ನೂ ಕೇಳುವುದನ್ನು ಬಿಡಬಾರದು.

ಇನ್ನೊಂದು ಎಚ್ಚರ. ಸರ್ಕಾರಿ ಬಸ್ಸು ಎಲ್ಲಿದೆಯೆಂದು ಊರಿಗೆಲ್ಲ ಗೊತ್ತಾದರೆ ಒಳ್ಳೆಯದೇ. ಆದರೆ ನಿಮ್ಮಪ್ಪನ ಸ್ಕೂಟರ್ ಎಲ್ಲೆಲ್ಲಿ ನಿಂತಿತ್ತೆಂಬುದು ಊರಿಗೇಕೆ? ಗುಂಡಿಯ ಜಾಗ ಬರೆದುಕೊಂಡರೆ ಸಾಕು, ಗಾಡಿಯ ನಂಬರ್ ಬೇಡ.

ಬ್ಯಾಂಕಿನಲ್ಲಿ ಸಾಲವನ್ನು ಲೆಡ್ಜರಿನಲ್ಲಿ ಬರೆದ ಮಾತ್ರಕ್ಕೆ ಅದು ತೀರುವುದಿಲ್ಲ, ಯಾರಾದರೂ ಕಟ್ಟಬೇಕು. ಗುಂಡಿಯೂ ಹಾಗೆಯೇ. ಸೆನ್ಸರ್ ಬರೆಯುವುದು ಖರ್ಚಿನ ಕಾಲಂ ಮಾತ್ರ. ಎದುರು ಕಾಲಂನಲ್ಲಿ 'ಇಂಥ ದಿನ ಮುಚ್ಚಲಾಯಿತು' ಎಂದು ಬರೆಯಬೇಕಾದವರು ಮನುಷ್ಯರು. ಆ ಎರಡೂ ಕಾಲಂಗಳನ್ನು ಬಸ್ ನಿಲ್ದಾಣದ ಗೋಡೆಗೆ ಅಂಟಿಸಿದರೆ, ಶಾಲೆಗೆ ಹೋಗುವ ನೀವೇ ದಿನವೂ ಓದಿ ತಾಳೆ ನೋಡಬಹುದು.