ಟಿ.ವಿ.ಗೂ ಕಂಪ್ಯೂಟರಿಗೂ ಗಂಟು ಹಾಕಿದ್ದು

ಹಲಸಿನ ಹಪ್ಪಳದ ಕಾಲದಲ್ಲಿ ಇವಳೇನಪ್ಪಾ ಕಂಪ್ಯೂಟರ್ ಪುರಾಣ ತೆಗೆದಳು ಎಂದು ಸೋದರಿಯರು ಮುಖ ತಿರುವಬಾರದು. ಹಪ್ಪಳ ಎಲ್ಲಿಗೂ ಓಡಿಹೋಗುವುದಿಲ್ಲ, ಮುಂದಿನ ಸಲ ಬರೆಯುತ್ತೇನೆ. ಈಗ ಎಷ್ಟೋ ಮನೆಗಳಲ್ಲಿ ಮಗನೋ, ಮಗಳೋ, ಸೊಸೆಯೋ ಲ್ಯಾಪ್‌ಟಾಪ್ ಇಟ್ಟುಕೊಂಡು ಮನೆಯಿಂದಲೇ ಆಫೀಸಿನ ಕೆಲಸ ಮಾಡುತ್ತಾರೆ. ಅದಕ್ಕೆ ಮನೆಯ ಟಿ.ವಿ.ಯನ್ನೇ ಎರಡನೇ ಪರದೆಯಾಗಿ ಜೋಡಿಸಿಕೊಳ್ಳುವ ವಿಷಯ ಇದು. ಗೊತ್ತಿಲ್ಲದೆ ನಾವು ಪಟ್ಟ ಪಾಡು ನಿಮಗೆ ಬೇಡ.

ನನ್ನ ಮಗಳು ಬಾಣಂತನಕ್ಕೆ ಬಂದಿದ್ದಳು. 26 ವಾರದ ರಜೆ ಮುಗಿದ ಮೇಲೆ ಇನ್ನೊಂದಿಷ್ಟು ತಿಂಗಳು ಮನೆಯಿಂದಲೇ ಕೆಲಸ ಮಾಡಲು ಆಫೀಸಿನವರು ಒಪ್ಪಿದರು. ಬಿಲ್ಲುಗಳನ್ನು ನೋಡಿ ಲೆಕ್ಕದ ಪಟ್ಟಿಗೆ ತುಂಬುವ ಕೆಲಸ ಅವಳದು. ಆಫೀಸಿನಲ್ಲಿ ಒಬ್ಬೊಬ್ಬರಿಗೆ ಎರಡೆರಡು ಪರದೆಯಂತೆ, ಒಂದರಲ್ಲಿ ಬಿಲ್ಲು, ಇನ್ನೊಂದರಲ್ಲಿ ಪಟ್ಟಿ. ಇಲ್ಲಿ 14 ಇಂಚಿನ ಪುಟ್ಟ ಪರದೆಯಲ್ಲಿ ಅದನ್ನು ಮುಚ್ಚಬೇಕು, ಇದನ್ನು ತೆರೆಯಬೇಕು, ಅಂಕಿಯನ್ನು ತಲೆಯಲ್ಲಿಟ್ಟುಕೊಂಡು ಬರೆಯಬೇಕು. ಅಷ್ಟರಲ್ಲಿ ಮಗು ಅಳುತ್ತದೆ. 18,450 ಇರಬೇಕಾದ ಕಡೆ 14,850 ಎಂದು ಬರೆದಳು. ಆಫೀಸಿನಿಂದ ಫೋನು ಬಂತು. ಇನ್ನೊಂದು ವಾರಕ್ಕೆ ಮತ್ತೊಂದು ತಪ್ಪು. "ಅಮ್ಮ, ನನ್ನ ಕೈಲಾಗಲ್ಲ, ಕೆಲಸ ಬಿಟ್ಟುಬಿಡ್ತೀನಿ" ಎಂದು ಅತ್ತೇಬಿಟ್ಟಳು. ಕಷ್ಟಪಟ್ಟು ಓದಿ ಗಿಟ್ಟಿಸಿದ ಕೆಲಸ. ನನಗೆ ಅನ್ನ ಸೇರಲಿಲ್ಲ.

ಹಜಾರದಲ್ಲಿ 32 ಇಂಚಿನ ಟಿ.ವಿ. ಇದೆಯಲ್ಲ, ಅದಕ್ಕೇ ಜೋಡಿಸು ಎಂದೆ. ಯಜಮಾನರು ಎಚ್‌.ಡಿ.ಎಂ.ಐ. ತಂತಿ ತಂದರು. ಸಿಕ್ಕಿಸಿದರೆ ಟಿ.ವಿ.ಯಲ್ಲಿ 'ನೋ ಸಿಗ್ನಲ್' ಎಂದಷ್ಟೇ ಬಂತು. ಲ್ಯಾಪ್‌ಟಾಪನ್ನು ಪೇಟೆಯ ಒಂದು ಅಂಗಡಿಗೆ ಕೊಂಡೊಯ್ದರು. ಆತ ತನ್ನಲ್ಲಿದ್ದ ಹಳೇ ಮಾನಿಟರಿಗೆ ಯಾವುದೋ ತಂತಿ ಹಾಕಿ ನೋಡಿ, "ಕನೆಕ್ಷನ್ ಕೊಡೋ ತೂತೇ ಹೋಗಿದೆ ಸಾರ್, ಬೋರ್ಡು ಬಿಚ್ಚಬೇಕು, 6,500 ಆಗುತ್ತೆ, ಐದು ದಿನ ಬಿಟ್ಟುಹೋಗಿ" ಅಂದ. ಐದು ದಿನ ಲ್ಯಾಪ್‌ಟಾಪ್ ಇಲ್ಲದಿದ್ದರೆ ಕೆಲಸ ಉಳಿಯುತ್ತದೆಯೇ? ಪುಣ್ಯಕ್ಕೆ ಇವರು ವಾಪಸು ತಂದರು.

ನಾನು ಹೈಸ್ಕೂಲು ಓದಿದವಳು, ನನಗೇನು ತಿಳಿಯುತ್ತೆ ಎಂದುಕೊಂಡೇ ಎದುರಿಗೆ ಕೂತೆ. ಆದರೆ ಯೋಚಿಸಿ ನೋಡಿ. ಗ್ಯಾಸಿನ ಒಲೆ ಹತ್ತದಿದ್ದರೆ ನಾವು ಒಲೆಯೇ ಕೆಟ್ಟಿತು ಅನ್ನುತ್ತೇವೆಯೇ? ಸಿಲಿಂಡರ್ ಮುಗಿದಿದೆಯೇ, ರೆಗ್ಯುಲೇಟರ್ ಕೂತಿದೆಯೇ, ಬರ್ನರ್ ಕಟ್ಟಿಕೊಂಡಿದೆಯೇ ಎಂದು ಒಂದಾದ ಮೇಲೊಂದು ನೋಡುತ್ತೇವೆ. ಇಲ್ಲೂ ಅಷ್ಟೇ. ಮೊದಲು ತಂತಿಯನ್ನು ಎರಡು ಕಡೆಯೂ ಎಳೆದು ಮತ್ತೆ ಗಟ್ಟಿಯಾಗಿ ಕೂರಿಸಿದೆ. ಆಮೇಲೆ ಟಿ.ವಿ.ಯ ಹಿಂದೆ ಟಾರ್ಚು ಬಿಟ್ಟು ನೋಡಿದೆ. ಎಚ್‌.ಡಿ.ಎಂ.ಐ. ತೂತು ಎರಡಿವೆ, ನಮ್ಮ ತಂತಿ ಇದ್ದದ್ದು ಎರಡನೆಯದರಲ್ಲಿ. ರಿಮೋಟಿನ 'ಸೋರ್ಸ್' ಗುಂಡಿ ಒತ್ತಿದರೆ ಟಿ.ವಿ. ಒಂದನೆಯದನ್ನು ತೋರಿಸುತ್ತಾ ಕೂತಿದೆ! ಎರಡನೆಯದಕ್ಕೆ ಬದಲಾಯಿಸಿದೆ. ಮಗಳ ಲ್ಯಾಪ್‌ಟಾಪಿನ ಚಿತ್ರ ಹಜಾರದ ತುಂಬ ಬೆಳಗಿತು. 6,500 ರೂಪಾಯಿಯ ರಿಪೇರಿ ಒಂದು ಗುಂಡಿಯಲ್ಲಿ ಮುಗಿಯಿತು.

ಅಂಗಡಿಯವನಿಗೇಕೆ ಚಿತ್ರ ಬರಲಿಲ್ಲ ಎಂಬುದು ಆಮೇಲೆ ಅಳಿಯಂದಿರಿಂದ ತಿಳಿಯಿತು. ಹಳೇ ಮಾನಿಟರುಗಳಿಗೆ ಇರುವುದು 15 ರಂಧ್ರದ, ಸಾಮಾನ್ಯವಾಗಿ ನೀಲಿ ಬಣ್ಣದ ವಿ.ಜಿ.ಎ. ತೂತು. 1987ರಲ್ಲಿ ಬಂದದ್ದು. ಅದರ ಸಂಕೇತದ ರೀತಿಯೇ ಬೇರೆ, ಎಚ್‌.ಡಿ.ಎಂ.ಐ.ಯ ರೀತಿಯೇ ಬೇರೆ. ನಡುವೆ ಒಂದನ್ನು ಇನ್ನೊಂದಕ್ಕೆ ಬದಲಾಯಿಸುವ ಚಿಪ್ ಇರುವ ಕನ್ವರ್ಟರ್ ಬೇಕು, ಬರೀ ತಂತಿ ಸಾಲದು. ವಿ.ಜಿ.ಎ.ಯಲ್ಲಿ ಶಬ್ದವೂ ಹೋಗುವುದಿಲ್ಲ, ಚಿತ್ರ ಮಾತ್ರ. ಇದಿಷ್ಟು ತಿಳಿಯದವನು ಬೋರ್ಡು ಬಿಚ್ಚಲು ಹೊರಟಿದ್ದ.

ಚಿತ್ರ ಬಂದ ಮೇಲೆ ಮುಗಿಯಿತು ಎಂದುಕೊಂಡರೆ ಇಲ್ಲ. ಲ್ಯಾಪ್‌ಟಾಪಿನಲ್ಲಿ ಇದ್ದದ್ದೇ ಟಿ.ವಿ.ಯಲ್ಲೂ ಕಂಡರೆ ಏನು ಬಂತು? ಒಂದೇ ಹೋಳಿಗೆಯನ್ನು ಎರಡು ತಟ್ಟೆಯಲ್ಲಿ ತೋರಿಸಿದ ಹಾಗೆ. ವಿಂಡೋಸ್ ಗುರುತಿನ ಕೀಲಿ ಹಿಡಿದುಕೊಂಡು 'ಪಿ' ಅಕ್ಷರ ಒತ್ತಿದರೆ ನಾಲ್ಕು ಆಯ್ಕೆ ಬರುತ್ತವೆ. ಅದರಲ್ಲಿ 'ಎಕ್ಸ್‌ಟೆಂಡ್' ಎಂಬುದನ್ನು ಆರಿಸಬೇಕು. ಆಗ ಎರಡೂ ಸೇರಿ ಒಂದೇ ಅಗಲವಾದ ಮೇಜಿನಂತಾಗುತ್ತದೆ. ಬಿಲ್ಲನ್ನು ಮೌಸಿನಿಂದ ಎಳೆದು ಟಿ.ವಿ.ಗೆ ಬಿಟ್ಟು, ಪಟ್ಟಿಯನ್ನು ಲ್ಯಾಪ್‌ಟಾಪಿನಲ್ಲಿ ಉಳಿಸಿಕೊಂಡಳು. ಟಿ.ವಿ. ಎಡಕ್ಕಿದ್ದರೂ ಮೌಸಿನ ಬಾಣ ಬಲಗಡೆಯಿಂದಲೇ ದಾಟುತ್ತಿತ್ತು. 'ಡಿಸ್‌ಪ್ಲೇ ಸೆಟ್ಟಿಂಗ್ಸ್'ನಲ್ಲಿ 1, 2 ಎಂದು ಎರಡು ಚೌಕ ಕಾಣುತ್ತವೆ. 2ನ್ನು ಎಳೆದು ಎಡಕ್ಕಿಟ್ಟಳು, ಸರಿಹೋಯಿತು. ಅಕ್ಷರ ಚಿಕ್ಕದಾದರೆ ಅಲ್ಲೇ 'ಸ್ಕೇಲ್' ಎಂಬಲ್ಲಿ 125 ಅಥವಾ 150 ಮಾಡಿ. ಚಿತ್ರದ ಅಂಚು ಕತ್ತರಿಸಿದಂತಿದ್ದರೆ ಅದು ಟಿ.ವಿ.ಯ ಚಾಳಿ. ಟಿ.ವಿ.ಯ ಸೆಟ್ಟಿಂಗಿನಲ್ಲಿ 'ಪಿಕ್ಚರ್ ಸೈಜ್' ಹುಡುಕಿ 'ಜಸ್ಟ್ ಸ್ಕ್ಯಾನ್' ಅಥವಾ 'ಸ್ಕ್ರೀನ್ ಫಿಟ್' ಎಂದಿರುವುದನ್ನು ಆರಿಸಿ. ಒಂದೊಂದು ಕಂಪನಿಯಲ್ಲಿ ಒಂದೊಂದು ಹೆಸರು.

ಮರುದಿನ ಇನ್ನೊಂದು ಫಜೀತಿ. ಮಗಳು ಮೀಟಿಂಗಿಗೆ ಕೂತರೆ ಮ್ಯಾನೇಜರ ದನಿ ಟಿ.ವಿ.ಯಿಂದ ಮನೆಯಿಡೀ ಮೊಳಗಿತು. ಒಳಗಿದ್ದ ನಮ್ಮ ಅತ್ತೆಯವರು, "ಯಾರೇ ಅದು, ಗಂಡಸರು ಬಂದಿದ್ದಾರೆ, ಕಾಫಿ ಇಡು" ಅಂದರು! ಎಚ್‌.ಡಿ.ಎಂ.ಐ.ಯಲ್ಲಿ ಶಬ್ದವೂ ಚಿತ್ರದ ಜೊತೆಗೇ ಹೋಗಿಬಿಡುತ್ತದೆ. ಪರದೆಯ ಕೆಳಗಿನ ಸ್ಪೀಕರ್ ಗುರುತಿನಲ್ಲಿ ಟಿ.ವಿ. ಬದಲು ಲ್ಯಾಪ್‌ಟಾಪಿನ ಸ್ಪೀಕರ್ ಆರಿಸಿದರೆ ಆಯಿತು.

ಆದರೆ ನಿಜವಾಗಿ ಎದೆ ಹೊಡೆದುಕೊಂಡದ್ದು ಆ ಸಂಜೆ. ಏಳೂವರೆಗೆ ಅತ್ತೆಯವರು ಬಂದು ರಿಮೋಟ್ ಒತ್ತಿ ಧಾರಾವಾಹಿ ಹಾಕಿಕೊಂಡರು. ಮಗಳು ಮಗುವಿಗೆ ಹಾಲು ಕುಡಿಸಿ ಬಂದು ನೋಡಿದರೆ ಅಂದಿನ ಬಿಲ್ಲುಗಳ ಪುಟವೇ ಇಲ್ಲ. "ಅಜ್ಜಿ, ಏನು ಮಾಡಿದ್ರಿ? ಇಡೀ ದಿನದ ಕೆಲಸ ಹೋಯ್ತು!" ಎಂದು ಕೂಗಿದಳು. ಅತ್ತೆಯವರ ಮುಖ ಬಾಡಿತು. "ನಾನೇನು ಮುಟ್ಟಿಲ್ಲ ಕಣೇ, ನನ್ನ ಟಿ.ವಿ. ನಾನು ಹಾಕ್ಕೊಂಡೆ" ಎಂದು ಎದ್ದುಹೋದರು. ಇಬ್ಬರೂ ಊಟದ ಹೊತ್ತಿಗೆ ಮಾತಿಲ್ಲ.

ಕೆಲಸ ಎಲ್ಲಿಗೂ ಹೋಗಿರಲಿಲ್ಲ. ತಂತಿ ಸಿಕ್ಕಿಸಿಯೇ ಇತ್ತು. ಟಿ.ವಿ. ಧಾರಾವಾಹಿ ತೋರಿಸುತ್ತಿದ್ದರೂ ಲ್ಯಾಪ್‌ಟಾಪಿನ ಮಟ್ಟಿಗೆ ಎರಡನೇ ಪರದೆ ಇದ್ದೇ ಇದೆ, ಪುಟ ಅಲ್ಲೇ ಕೂತಿದೆ, ನಮಗೆ ಕಾಣುವುದಿಲ್ಲ ಅಷ್ಟೆ. ಹೀಗಾದರೆ ಗಾಬರಿಯಿಂದ ಕಂಪ್ಯೂಟರ್ ಆರಿಸಬೇಡಿ, ಉಳಿಸದ ಕೆಲಸ ಆಗ ನಿಜಕ್ಕೂ ಹೋಗುತ್ತದೆ. ವಿಂಡೋಸ್ ಕೀಲಿ ಮತ್ತು 'ಪಿ' ಒತ್ತಿ 'ಪಿ.ಸಿ. ಸ್ಕ್ರೀನ್ ಓನ್ಲಿ' ಆರಿಸಿ, ಎಲ್ಲವೂ ಲ್ಯಾಪ್‌ಟಾಪಿಗೆ ಬಂದು ಸೇರುತ್ತದೆ. ಈಗ ಏಳು ಗಂಟೆಗೇ ಮಗಳು ಇದನ್ನು ಒತ್ತಿ, ತಂತಿ ತೆಗೆದು, ರಿಮೋಟನ್ನು ತಾನೇ ಅಜ್ಜಿಯ ಕೈಗೆ ಕೊಡುತ್ತಾಳೆ. ಅಂಕಿಯ ತಪ್ಪಿನ ಫೋನು ಆಮೇಲೆ ಬಂದಿಲ್ಲ. ಕೆಲಸ ಬಿಡುವ ಮಾತೂ ಬಂದಿಲ್ಲ.

ಕೊಳ್ಳುವವರಿಗೆ ಎರಡು ಮಾತು. ತಂತಿ ಕೊಳ್ಳುವ ಮೊದಲು ಟಿ.ವಿ.ಯಿಂದ ಕೂರುವ ಜಾಗಕ್ಕೆ ಸೀರೆಯ ನೂಲೋ ದಾರವೋ ಹಿಡಿದು ಅಳೆಯಿರಿ. ನಾವು ತಂದದ್ದು ಗಿಡ್ಡವಾಗಿ ಮಗಳು ಟಿ.ವಿ.ಗೆ ಅಂಟಿ ಕೂರಬೇಕಾಯಿತು, ಬೇರೆ ತರಿಸಿದೆವು. ಹೊಸ ಲ್ಯಾಪ್‌ಟಾಪುಗಳಲ್ಲಿ ಫೋನಿನ ಹಾಗೆ ಟೈಪ್-ಸಿ ತೂತು ಮಾತ್ರ ಇದ್ದರೆ, ಅದು ಚಿತ್ರ ಕಳಿಸುತ್ತದೆಯೇ ಎಂದು ವಿಚಾರಿಸಿಯೇ ಜೋಡಣೆ ಕೊಳ್ಳಿ. ಎಲ್ಲ ಟೈಪ್-ಸಿಯೂ ಕಳಿಸುವುದಿಲ್ಲ. ಇನ್ನು ಹಳದಿ, ಕೆಂಪು, ಬಿಳಿ ತೂತುಗಳಷ್ಟೇ ಇರುವ ಹಳೇ ಡಬ್ಬ ಟಿ.ವಿ.ಗೂ ಜೋಡಿಸುವ ಪೆಟ್ಟಿಗೆ ಸಿಗುತ್ತದೆ. ಸಿನಿಮಾ ನೋಡಲು ಪರವಾಗಿಲ್ಲ, ಆದರೆ ಅಕ್ಷರ, ಅಂಕಿ ಕಲಸಿದ ಹಾಗೆ ಕಾಣುತ್ತದೆ. ಲೆಕ್ಕದ ಕೆಲಸಕ್ಕೆ ಅದನ್ನು ಕೊಳ್ಳಬೇಡಿ.