ಇದ್ದೂ ಇಲ್ಲದ ಪುಟ

ಈಚೆಗೆ, ಹಿಂದೊಮ್ಮೆ ಓದಿ ಮೆಚ್ಚಿದ್ದ ಲೇಖನವೊಂದನ್ನು ಕನ್ನಡದ ಜಾಲತಾಣವೊಂದರಲ್ಲಿ ಹುಡುಕಿದೆ. 'ತೂಬು' ಎಂದು ಬರೆದರೆ, 'ಏನೂ ದೊರೆಯಲಿಲ್ಲ' ಎಂಬ ಉತ್ತರ ಬಂದಿತು. ಲೇಖನವು ಅಲ್ಲಿಯೇ ಇದ್ದಿತು; ಆದರೆ ಅದರಲ್ಲಿದ್ದುದು ಕೆರೆಯ 'ತೂಬಿನ' ಮಾತು, 'ತೂಬನ್ನು' ಎತ್ತುವ ಮಾತು!

ಇದನ್ನು ಯಂತ್ರದ ದೋಷವೆನ್ನಲು ನನಗೆ ಮನಸ್ಸಿಲ್ಲ. ದೊಡ್ಡ ತಾಣಗಳನ್ನು ನಡೆಸಲು 2001ರಲ್ಲಿ ಹೊರಬಂದ ಡ್ರುಪಲ್‌ನಂತಹ ಮುಕ್ತ ತಂತ್ರಾಂಶಗಳಿವೆ. ಪುಟಗಳು ಬೆಳೆದು ಅದರೊಡನೆ ಬರುವ ಶೋಧನೆ ಬಳಲಿದಾಗ, ಸೋಲರ್‌ನಂತಹ ಪ್ರತ್ಯೇಕ ಶೋಧಯಂತ್ರವನ್ನು ಜೋಡಿಸುವುದುಂಟು. ಗ್ರಂಥದ ಕೊನೆಯ ಪದಸೂಚಿಯಂತೆ, ಯಾವ ಪದ ಯಾವ ಪುಟದಲ್ಲಿದೆಯೆಂಬುದನ್ನು ಅದು ಮೊದಲೇ ಗುರುತು ಹಾಕಿಟ್ಟುಕೊಳ್ಳುತ್ತದೆ. ಆದುದರಿಂದಲೇ ಅದಕ್ಕೆ ಅಷ್ಟು ವೇಗ. ಆದರೆ ಪ್ರತ್ಯಯವನ್ನು ಕಳಚಿ ಮೂಲಪದವನ್ನು ಕಾಣುವ ನಿಯಮವನ್ನು ಕಲಿಸದಿದ್ದರೆ, ಅದಕ್ಕೆ 'ತೂಬು' ಬೇರೆ, 'ತೂಬಿನ' ಬೇರೆ. 'ಕೆರೆ' ಎಂದು ಕೇಳಿದವರಿಗೆ 'ತಟಾಕ'ವನ್ನೂ ತೋರಿಸಬೇಕಾದರೆ, ಸಮಾನಪದಗಳ ಪಟ್ಟಿಯನ್ನು ಯಾರಾದರೂ ಬರೆದುಕೊಡಬೇಕು.

ಆ 'ಯಾರಾದರೂ' ಯಾರು? ತಂತ್ರಾಂಶ ಮುಕ್ತವಾಗಿದೆ, ತಿದ್ದಲು ಯಾರ ಅಪ್ಪಣೆಯೂ ಬೇಡ. ವ್ಯಾಕರಣ ಬಲ್ಲವರೂ ಯಂತ್ರ ಬಲ್ಲವರೂ ಒಂದೆಡೆ ಕುಳಿತರೆ ಕೆಲಸ ಸಾಗೀತು. ಓದುಗರು ಹುಡುಕಿ ಬರಿಗೈಯಲ್ಲಿ ಹಿಂದಿರುಗಿದ ಪದಗಳ ಪಟ್ಟಿಯು ವಾರಕ್ಕೊಮ್ಮೆ ಸಂಪಾದಕರ ಮೇಜಿನ ಮೇಲಿರಲಿ. ಒಳ್ಳೆಯ ಗ್ರಂಥಪಾಲಕನು ಇದ್ದ ಪುಸ್ತಕಗಳನ್ನಷ್ಟೇ ಅಲ್ಲ, ಕೇಳಿದವರಿಗೆ ಸಿಗದೆ ಹೋದುದನ್ನೂ ನೆನಪಿಡುತ್ತಾನೆ.

ವೇಗದ ಯಂತ್ರವನ್ನು ಜೋಡಿಸಿದೊಡನೆ ಕರ್ತವ್ಯ ಮುಗಿಯಿತೆಂದು ಭಾವಿಸುವುದು ಸರಿಯಲ್ಲ. ಬರೆದಿಟ್ಟುದು ಬೇಕಾದವರ ಕೈಗೆ ಸಿಗದಿದ್ದರೆ, ಬರೆದೂ ಬರೆಯದಂತೆಯೇ ಅಲ್ಲವೆ?